ಜನ್ನಾಪುರದ ಸ್ಪ್ಯಾನಿಷ್ ಮೇಷ್ಟ್ರು

ಸ್ಪ್ಯಾನಿಷ್ ಭಾಷೆ ಭದ್ರಾವತಿಯ ಜನ್ನಾಪುರಕ್ಕೆ ಬಂದದ್ದು ಜೂನ್ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಮೂರೂವರೆಗೆ, ಒಂದು ಸ್ಟಾಫ್ ಮೀಟಿಂಗಿನ ನಡುವೆ. ತಂದವರು ಶಾಲೆಯ ಹೊಸ ಕಾರ್ಯದರ್ಶಿ ಪರಮೇಶ್ವರಪ್ಪನವರು. ಇಪ್ಪತ್ತು ವರ್ಷ ಟೈಲ್ಸ್ ಅಂಗಡಿ ನಡೆಸಿ, ಹಿಂದಿನ ತಿಂಗಳಷ್ಟೇ ಆ ಖಾಸಗಿ ಶಾಲೆಯನ್ನು ವಹಿಸಿಕೊಂಡಿದ್ದರು. ಪಕ್ಕದ ಅಂಗಡಿಯಲ್ಲಿ ಇಲ್ಲದ ಡಿಸೈನು ನಮ್ಮಲ್ಲಿರಬೇಕು ಎಂಬುದು ಅವರ ವ್ಯಾಪಾರದ ಸೂತ್ರವಾಗಿತ್ತು. ಈಗ ಅದೇ ಶಿಕ್ಷಣದ ಸೂತ್ರವೂ ಆಯಿತು.

"ಕರಾಟೆ ಎಲ್ಲಾ ಸ್ಕೂಲಲ್ಲೂ ಇದೆ. ಅಬಾಕಸ್ಸೂ ಇದೆ. ಸ್ಪ್ಯಾನಿಷ್ ಯಾರ ಹತ್ರ ಇದೆ ಹೇಳಿ? ಇಪ್ಪತ್ತು ದೇಶದಲ್ಲಿ ಮಾತಾಡ್ತಾರಂತೆ ಮಾರಾಯ್ರೇ! ಈ ವರ್ಷದಿಂದ ನಮ್ಮಲ್ಲಿ ಸ್ಪ್ಯಾನಿಷ್ಷೇ ಎರಡನೇ ಭಾಷೆ" ಎಂದು ಅವರು ಮೇಜು ಕುಟ್ಟಿದರು.

ಜನ್ನಾಪುರದ ಮಕ್ಕಳು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಎದುರುಮನೆಯಲ್ಲಿ ತೆಲುಗು, ಸೈಕಲ್ ಶಾಪಿನಲ್ಲಿ ಉರ್ದು, ಹೋಮ್‌ವರ್ಕಿನಲ್ಲಿ ಇಂಗ್ಲಿಷ್ ಆಡುವವರು. ಆ ಪ್ರಕಾರ ಸ್ಪ್ಯಾನಿಷ್ ಅವರಿಗೆ ಆರನೆಯದಾಗಬೇಕಿತ್ತು. ಆದರೆ ಆರನೆಯದು ಎಂದರೆ ಬೋರ್ಡಿನಲ್ಲಿ ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ ಎಲ್ಲರೂ ತಲೆಯಾಡಿಸಿದರು.

"ಪೀರಿಯಡ್ ಎಲ್ಲಿಂದ ತರೋದು ಸಾರ್?" ಎಂದರು ಹೆಡ್‌ಮೇಡಂ ವೇದಾ.

"ಸಂಸ್ಕೃತದ್ದು ತೆಗೀರಿ. ಆ ಸಂಸ್ಕೃತ ಮೇಷ್ಟ್ರು ಯಾರೋ ನಂಗೆ ಗೊತ್ತಿಲ್ಲ. ಪಾಪ, ಅವರಿಗೊಂದು ಲೆಟರ್ ಕೊಟ್ಟು ಮರ್ಯಾದೆಯಿಂದ ಕಳಿಸಿಬಿಡಿ. ಇಲ್ಲಿ ಯಾರಿಗಾದ್ರೂ ಸ್ಪ್ಯಾನಿಷ್ ಬರುತ್ತಾ?"

ವೇದಾ ಮೇಡಂ ತಲೆ ತಗ್ಗಿಸಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಸಂಸ್ಕೃತ ಮೇಷ್ಟ್ರು ಶಂಕರನಾರಾಯಣ ಎದ್ದು ನಿಂತರು. ಅವರು ಎದ್ದದ್ದು, ಸಾರ್, ಆ ಮೇಷ್ಟ್ರು ನಾನೇ ಎಂದು ಹೇಳುವುದಕ್ಕೆ. ಅಷ್ಟರಲ್ಲಿ ಅವರ ವಯಸ್ಸು ಐವತ್ತೇಳು ಎಂಬುದು ಅವರಿಗೇ ನೆನಪಾಯಿತು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಐವತ್ತೇಳರ ಸಂಸ್ಕೃತ ಮೇಷ್ಟ್ರನ್ನು ಬೇರೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಪೌರೋಹಿತ್ಯಕ್ಕೂ ದಾರಿಯಿರಲಿಲ್ಲ. ಒಮ್ಮೆ ಗೃಹಪ್ರವೇಶಕ್ಕೆ ಸಹಾಯಕರಾಗಿ ಹೋಗಿ, ಹೋಮದ ಹೊಗೆಗೆ ಮೂವತ್ತೆರಡು ಸಲ ಸೀನಿದ್ದಕ್ಕೆ ಮನೆಯವರು ಅಪಶಕುನವೆಂದು ಹೆದರಿ ಬೇರೆ ಮುಹೂರ್ತ ಇಡಿಸಿಕೊಂಡಿದ್ದರು. ಇದೆಲ್ಲ ಅರೆಕ್ಷಣದಲ್ಲಿ ಮನಸ್ಸಿಗೆ ಬಂದು ಮೇಷ್ಟ್ರ ಬಾಯಿಂದ ಹೊರಟ ಮಾತು ಬೇರೆಯೇ ಆಯಿತು.

"ಸಾರ್, ನನಗೆ ಸ್ಪ್ಯಾನಿಷ್ ಬರುತ್ತೆ."

"ಭಲೆ!" ಪರಮೇಶ್ವರಪ್ಪನವರು ಕುರ್ಚಿಯಿಂದ ಜಿಗಿದರು. "ನಮ್ಮಲ್ಲೇ ಮಾಲು ಇಟ್ಕೊಂಡು ಊರೆಲ್ಲಾ ಹುಡುಕ್ತಿದ್ದೆ ನೋಡಿ. ಮೇಡಂ, ಆ ಸಂಸ್ಕೃತದವರಿಗೆ ನೀವೇ ಹೇಳ್ಬಿಡಿ."

"ಹೇಳ್ತೀನಿ ಸಾರ್" ಎಂದ ವೇದಾ ಮೇಡಂ, ಶಂಕರನಾರಾಯಣರ ಮುಖವನ್ನೇ ನೋಡುತ್ತಾ ನಿಂತರು. ತುಂಬಾ ಒಳ್ಳೆಯ ಹೆಂಗಸು. ಅವರು ಹೇಳಲೂ ಇಲ್ಲ, ಲೆಟರೂ ಕೊಡಲಿಲ್ಲ.

ಸಂಜೆ ಬಸ್ಸಿಳಿದು ಶಿವಮೊಗ್ಗದ ಹೊಸಮನೆಯ ತಮ್ಮ ಮನೆಗೆ ಬಂದು ವಿಷಯ ಹೇಳಿದಾಗ ಹೆಂಡತಿ ಸೀತಾ ಲೋಟವನ್ನು ಕೆಳಗಿಟ್ಟರು.

"ಅಲ್ಲಾ ರೀ, ಆಟೋದವ್ರ ಹತ್ರ ಎರಡು ಮಾತು ಹಿಂದಿ ಆಡೋಕ್ಕೆ ನಿಮಗೆ ಬರಲ್ಲ. ಸ್ಪ್ಯಾನಿಷ್ ಬರುತ್ತೆ ಅಂದ್ರಾ?"

"ಬಾಯಿ ತಪ್ಪಿ ಬಂತು ಮಾರಾಯ್ತಿ."

"ಬಾಯಿ ತಪ್ಪಿ ಜನ ಬೈಗುಳ ಆಡ್ತಾರೆ. ನೀವು ಒಂದು ದೇಶದ ಭಾಷೇನೇ ಆಡಿದ್ರಲ್ಲ!"

ಬೈದರೂ ಕೈ ಬಿಡುವ ಹೆಂಗಸಲ್ಲ ಸೀತಾ. ಅಡುಗೆ ವಿಡಿಯೋ ನೋಡಿ ನೋಡಿ ಮೊಬೈಲಿನ ಮೇಲೆ ಅವರಿಗೆ ಗಂಡನಿಗಿಂತ ಹೆಚ್ಚು ಹಿಡಿತವಿತ್ತು. ರಾತ್ರಿಯ ಊಟಕ್ಕೆ ಮೊದಲೇ ನಲವತ್ತು ಪಾಠಗಳ ಒಂದು ಸ್ಪ್ಯಾನಿಷ್ ಆಪ್ ಹುಡುಕಿ ಹಾಕಿಕೊಟ್ಟರು. ಮೊಬೈಲಿನೊಳಗಿನ ಹೆಂಗಸು ಒಂದು ವಾಕ್ಯ ಹೇಳುತ್ತಿದ್ದಳು. ಕೆಳಗೆ ಒಂದು ಬಟನ್ ಒತ್ತಿದರೆ ಅದರ ಅರ್ಥ ಬರುತ್ತಿತ್ತು.

ಇಲ್ಲಿ ಶಂಕರನಾರಾಯಣ ಮೇಷ್ಟ್ರ ವಂಶದ ಒಂದು ಪದ್ಧತಿಯನ್ನು ಹೇಳಬೇಕು. ಅವರ ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ವೇದ ಕಲಿತದ್ದು ಸಂಥೆಯಿಂದ. ಗುರು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ವರ್ಷಗಟ್ಟಲೆ ಹೀಗೇ. ಅರ್ಥವೇನು ಎಂದು ನಡುವೆ ಬಾಯಿ ಹಾಕಿದರೆ ತಲೆಗೊಂದು ಮೊಟಕು ಬೀಳುತ್ತಿತ್ತು. ಮೇಷ್ಟ್ರಿಗೆ ಕಲಿಯುವ ಬೇರೆ ದಾರಿಯೇ ಗೊತ್ತಿರಲಿಲ್ಲ. ಮಣೆ ಹಾಕಿ, ಮೊಬೈಲನ್ನು ಎದುರಿಗೆ ಎತ್ತರದಲ್ಲಿಟ್ಟು, ಕೈಮುಗಿದು ಕೂತರು. ಅವಳು ಒಂದು ಸಲ ಹೇಳಿದಳು. ಇವರು ಎರಡು ಸಲ ಹೇಳಿದರು, ಉದಾತ್ತ ಅನುದಾತ್ತ ಸ್ವರ ಸಮೇತ.

"ಅರ್ಥದ ಬಟನ್ ಒತ್ತಿ ರೀ" ಎಂದರು ಸೀತಾ.

"ಮೊದಲು ಕಂಠಪಾಠ, ಅರ್ಥ ಆಮೇಲೆ. ನಮ್ಮಪ್ಪ ಹನ್ನೆರಡು ವರ್ಷ ಆದ ಮೇಲೆ ಅರ್ಥ ಕೇಳಿದ್ದು."

"ಮಾವನೋರಿಗೆ ಮುಂದಿನ ಸೋಮವಾರ ಕ್ಲಾಸ್ ಇರಲಿಲ್ಲ."

ಮೇಷ್ಟ್ರು ಕೇಳಲಿಲ್ಲ. ನಲವತ್ತು ದಿನಕ್ಕೆ ನಲವತ್ತು ಪಾಠವೂ ಬಾಯಿಗೆ ಬಂತು. ನಿದ್ದೆಯಿಂದ ಎಬ್ಬಿಸಿ ಇಪ್ಪತ್ತಮೂರನೇ ಪಾಠ ಎಂದರೆ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಒಂದಕ್ಷರದ್ದೂ ಗೊತ್ತಿರಲಿಲ್ಲ. ಇಷ್ಟು ಶುದ್ಧವಾಗಿ, ಇಷ್ಟು ಸಂಪೂರ್ಣವಾಗಿ ಸ್ಪ್ಯಾನಿಷ್ ಬಾರದ ಮನುಷ್ಯ ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಬೆಳಗಿನ ಜಾವ ಐದೂವರೆಗೆ ಈ ಪಾರಾಯಣ ಕೇಳಿದ ಪಕ್ಕದ ಮನೆಯ ವಿಷ್ಣುಪ್ರಸಾದರಿಗೆ ತುಂಬಾ ಸಂತೋಷವಾಯಿತು. ಬ್ಯಾಂಕಿನಿಂದ ನಿವೃತ್ತರಾದ ಅವರು ಅದೇ ವಾರ ಹೊಸ ಸ್ಕೂಟರ್ ತಂದಿದ್ದರು. "ಮೇಷ್ಟ್ರೇ, ಇದು ವೇದದ ಯಾವ ಶಾಖೆಯದ್ದೋ ಗೊತ್ತಾಗ್ಲಿಲ್ಲ, ಆದ್ರೆ ಕೇಳಿದ್ರೆ ಮೈ ಜುಂ ಅನ್ನುತ್ತೆ. ಗಾಡಿ ಮುಂದೆ ಒಂದು ನಾಲ್ಕು ಸಾಲು ಹೇಳ್ಬಿಡಿ" ಎಂದು ನಿಂಬೆಹಣ್ಣು ಹಿಡಿದುಕೊಂಡೇ ಬಂದರು. ಹಿರಿಯರ ಮಾತು ಮೀರಲಾಗದೆ ಮೇಷ್ಟ್ರು ಒಂಬತ್ತನೇ ಪಾಠ ಹೇಳಿದರು. ವಿಷ್ಣುಪ್ರಸಾದರು ಸ್ಕೂಟರಿಗೆ ಮೂರು ಸುತ್ತು ಬಂದರು.

ಶಾಲೆಯಲ್ಲಿ ಇನ್ನೂ ದೊಡ್ಡ ಯಶಸ್ಸು ಕಾದಿತ್ತು. ಅರ್ಥವಿಲ್ಲದ ವಿಷಯದಲ್ಲಿ ಪ್ರಶ್ನೆ ಕೇಳುವುದಕ್ಕೆ ಏನೂ ಇರುವುದಿಲ್ಲವಾದ್ದರಿಂದ ಮಕ್ಕಳು ಸ್ಪ್ಯಾನಿಷ್ಷನ್ನು ಪ್ರೀತಿಸಿದರು. ಮೇಷ್ಟ್ರು ಕೈಯೆತ್ತಿ "ಲಾ ಸೋಪಾ ಎಸ್ತಾ ಫ್ರೀಆ" ಎಂದರೆ ನಲವತ್ತೆರಡು ಗಂಟಲುಗಳು ಎರಡೆರಡು ಸಲ "ಲಾ ಸೋಪಾ ಎಸ್ತಾ ಫ್ರೀಆ" ಎನ್ನುತ್ತಿದ್ದವು. ಗೋಡೆಯಾಚೆಯ ಗಣಿತದ ತರಗತಿಯೂ ದನಿಗೂಡಿಸುತ್ತಿತ್ತು. ಹದಿನಾಲ್ಕನೇ ಪಾಠವಂತೂ ಇಡೀ ಶಾಲೆಗೆ ಬಾಯಿಪಾಠವಾಯಿತು.

ಕಾರ್ಯದರ್ಶಿಗಳ ಮಗಳು ಸುಮನಾ ಆರನೇ ತರಗತಿಯಲ್ಲಿದ್ದಳು. ಅವಳು ಮನೆಯಲ್ಲಿ ಹದಿನಾಲ್ಕನೇ ಪಾಠ ಹೇಳುವುದನ್ನು ಅಜ್ಜಿ ಬಸವರಾಜೇಶ್ವರಿಯವರು ಕೇಳಿಸಿಕೊಂಡರು. ಅವರಿಗೆ ಬಹಳ ದಿನದಿಂದ ಮಂಡಿನೋವು. ಬೆಳಿಗ್ಗೆ ಪೂಜೆ ಮುಗಿಸಿ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ ಹೊತ್ತಿಗೆ ಮೊಮ್ಮಗಳಿಂದ ಆ ಪಾಠ ಹೇಳಿಸತೊಡಗಿದರು. ಹದಿನೈದು ದಿನದಲ್ಲಿ ನೋವು ಅರ್ಧ ಇಳಿಯಿತು. ಎಣ್ಣೆಯೂ ಹೊಸದಾಗಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ.

"ಮೇಷ್ಟ್ರೇ, ನಿಮ್ಮ ಸ್ಪ್ಯಾನಿಷ್ ಸಾಮಾನ್ಯದ್ದಲ್ಲ" ಎಂದು ಅಜ್ಜಿ ಶಾಲೆಯ ಗೇಟಿಗೇ ಬಂದು ಹೇಳಿದರು. "ಅದರಲ್ಲಿ ಏನೋ ಇದೆ."

"ಇರಬಹುದು ಅಮ್ಮ" ಎಂದರು ಮೇಷ್ಟ್ರು. ಏನಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಪರಮೇಶ್ವರಪ್ಪನವರು ಕರಪತ್ರ ಹೊಡೆಸಿ ಭದ್ರಾವತಿಯ ತುಂಬ ಹಂಚಿಸಿದರು. ‘ಸ್ಪ್ಯಾನಿಷ್ ಕಲಿಕೆಯ ಲಾಭಗಳು’ ಎಂಬ ದಪ್ಪಕ್ಷರದ ಕೆಳಗೆ, ಅದು ಕನ್ನಡದಂತೆಯೇ ಬರೆದ ಹಾಗೆ ಓದುವ ಭಾಷೆಯೆಂದೂ, ಕಲಿತವರಿಗೆ ಜ್ಞಾಪಕಶಕ್ತಿ ಹೆಚ್ಚುವುದೆಂದೂ, ಇಪ್ಪತ್ತು ದೇಶಗಳಲ್ಲಿ ಉದ್ಯೋಗ ಕಾದಿದೆಯೆಂದೂ, ಇನ್ನೊಂದು ಭಾಷೆ ಕಲಿತರೆ ಮಾತೃಭಾಷೆಯೂ ಚುರುಕಾಗುವುದೆಂದೂ ಇತ್ತು. ಕೊನೆಯ ಸಾಲಿನಲ್ಲಿ ಮಂಡಿನೋವಿನ ಪ್ರಸ್ತಾಪವಿತ್ತು. ಅಡ್ಮಿಷನ್ ಕೇಳಿಕೊಂಡು ಬಂದವರಲ್ಲಿ ಮಕ್ಕಳಿಗಿಂತ ಅಜ್ಜಿಯರೇ ಹೆಚ್ಚಾಗಿದ್ದರು.

ಹೀಗೆ ಮೇಷ್ಟ್ರ ಸುಳ್ಳು ಕೈಕಾಲು ಬಲಿತು ಓಡಾಡುತ್ತಿದ್ದಾಗ, ಜನವರಿಯಲ್ಲಿ ಒಂದು ದಿನ ಕಾರ್ಯದರ್ಶಿಗಳು ಅವರನ್ನು ಕರೆಸಿದರು.

"ಮೇಷ್ಟ್ರೇ, ಸ್ವೀಟ್ ನ್ಯೂಸ್. ಹೊಳಲೂರಲ್ಲಿ ಯಾರದ್ದೋ ಮನೇಲಿ ಸ್ಪೇನ್ ದೇಶದ ಹೆಂಗಸೊಬ್ರು ಬಂದು ಉಳ್ಕೊಂಡಿದ್ದಾರಂತೆ. ಯೋಗಕ್ಕೋ ಏನಕ್ಕೋ. ಹಿಡಿದುಬಿಟ್ಟೆ! ವಾರ್ಷಿಕೋತ್ಸವಕ್ಕೆ ಅವರೇ ಚೀಫ್ ಗೆಸ್ಟ್. ಸ್ಟೇಜ್ ಮೇಲೆ ನೀವೂ ಅವರೂ ಸ್ಪ್ಯಾನಿಷ್‌ನಲ್ಲಿ ಅರ್ಧ ಗಂಟೆ ಮಾತಾಡ್ಬೇಕು. ಅವರ ಭಾಷಣ ನೀವೇ ಕನ್ನಡಕ್ಕೆ ಮಾಡ್ಬೇಕು."

ಅರ್ಧ ಗಂಟೆಯೇನು, ಅರ್ಧ ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಕೆಲಸವೂ ಹೋಗುತ್ತದೆ, ಮೂವತ್ತು ವರ್ಷ ಕಾಪಾಡಿಕೊಂಡ ಮಾನವೂ ಹೋಗುತ್ತದೆ.

ಮೊದಲು ಜ್ವರದ ಉಪಾಯ ಮಾಡಿದರು. ಕಾರ್ಯದರ್ಶಿಗಳು ಡಾಕ್ಟರನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೊಸಮನೆಗೆ ಬಂದರು. ಡಾಕ್ಟರು ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದು ಹೇಳಿ ಕಾಫಿ ಕುಡಿದು ಹೋದರು.

"ನಿಜ ಹೇಳ್ಬಿಡಿ ರೀ" ಎಂದರು ಸೀತಾ. ಅವರ ಕಣ್ಣಲ್ಲಿ ನೀರಿತ್ತು. "ಕೆಲಸ ಹೋದ್ರೆ ಹೋಗ್ಲಿ. ನಾಲ್ಕು ಜನ ನಿಮ್ಮನ್ನ ನೋಡಿ ನಗೋದು ನನ್ನ ಕೈಲಿ ನೋಡಕ್ಕಾಗಲ್ಲ."

ಮೇಷ್ಟ್ರಿಗೂ ಅದೇ ಸರಿಯೆನ್ನಿಸಿತು. ಮರುದಿನ ಗಟ್ಟಿ ಮನಸ್ಸು ಮಾಡಿ ಕಾರ್ಯದರ್ಶಿಗಳ ಕೋಣೆಗೆ ಹೋದರು. ಅಲ್ಲಿ ಗೋಡೆಯುದ್ದಕ್ಕೂ ಹತ್ತಡಿಯ ಬ್ಯಾನರ್ ಬಿಚ್ಚಿ ಹಾಕಿತ್ತು. ಅದರಲ್ಲಿ ಸ್ವತಃ ಶಂಕರನಾರಾಯಣರೇ ಕೋಟು ಹಾಕಿಕೊಂಡು ನಿಂತಿದ್ದರು. ಕೋಟು ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ತೊಡಿಸಿದ್ದು.

"ಸಾರ್, ನನಗೆ ಸ್ಪ್ಯಾನಿಷ್..."

"ಬರುತ್ತೆ, ಗೊತ್ತು ಬಿಡಿ!"

"ಅದಲ್ಲ ಸಾರ್, ನಾನು ನಿಮಗೊಂದು ಸತ್ಯ..."

"ಕೋಟು ನಿಮ್ಮದಲ್ಲ, ಅದು ತಾನೇ? ಯಾರಿಗೂ ಗೊತ್ತಾಗಲ್ಲ ಹೋಗಿ ಮೇಷ್ಟ್ರೇ!" ಎಂದು ಬೆನ್ನು ತಟ್ಟಿ ಬಾಗಿಲವರೆಗೂ ಬಂದು ಕಳಿಸಿದರು. ಇಷ್ಟು ಆದರದಿಂದ ನಡೆಸಿಕೊಳ್ಳುವವರಿಗೆ ಸತ್ಯ ಹೇಳುವುದು ಬಹಳ ಕಷ್ಟ.

ವಾರ್ಷಿಕೋತ್ಸವದ ದಿನ ಪೆಂಡಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಬಸವರಾಜೇಶ್ವರಿಯವರು ತಮ್ಮ ಓಣಿಯ ಎಲ್ಲ ಮಂಡಿನೋವಿನವರನ್ನೂ ಕರೆತಂದು ಕೂರಿಸಿದ್ದರು. ಸೀತಾ ಕೊನೆಯ ಸಾಲಿನಲ್ಲಿ, ಎದ್ದು ಹೋಗಲು ಅನುಕೂಲವಾಗುವಂತೆ ಕೂತಿದ್ದರು. ಸ್ಪೇನಿನ ಹೆಂಗಸು ಇಳಕಲ್ ಸೀರೆ ಉಟ್ಟು, ನಲವತ್ತೈದರ ನಗುಮುಖ ಹೊತ್ತು ವೇದಿಕೆಯ ಮೇಲಿದ್ದರು. ಮಕ್ಕಳು ಆಗಲೇ ಅವರಿಗೆ ಸ್ಪೇನ್ ಮೇಡಂ ಎಂದು ಹೆಸರಿಟ್ಟಾಗಿತ್ತು.

ಮೊದಲಿಗೆ ಪ್ರಾರ್ಥನೆ. ನಲವತ್ತೆರಡು ಮಕ್ಕಳು ಹಣೆಗೆ ವಿಭೂತಿ ಕುಂಕುಮ ಇಟ್ಟು, ಕಣ್ಣು ಮುಚ್ಚಿ, ಕೈಮುಗಿದು ಹದಿನಾಲ್ಕನೇ ಪಾಠವನ್ನು ಸ್ವರವತ್ತಾಗಿ ಹೇಳಿದರು. "ನೋ ಆಯ್ ಆಗ್ವಾ ಕಾಲಿಯೆಂತೆ..." ಸ್ಪೇನ್ ಮೇಡಂ ಮೊದಲು ನೆಟ್ಟಗೆ ಕೂತರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಅವರ ಭುಜಗಳು ಅಲುಗಿ, ಕಣ್ಣಿಂದ ನೀರು ಇಳಿಯತೊಡಗಿತು.

"ನೋಡಿ, ಭಕ್ತಿ ಅಂದ್ರೆ ಅದು. ಅವರ ದೇಶದ ದೇವರು ನೆನಪಾಗಿರಬೇಕು" ಎಂದು ಬಸವರಾಜೇಶ್ವರಿಯವರೂ ಕಣ್ಣೊರೆಸಿಕೊಂಡರು.

ಈಗ ಸಂಭಾಷಣೆ. ಎರಡು ಕುರ್ಚಿ, ಎರಡು ಮೈಕು ಹಾಕಿದರು. ಸ್ಪೇನ್ ಮೇಡಂ ನಗುನಗುತ್ತಾ ಏನೋ ಕೇಳಿದರು. ಮೇಷ್ಟ್ರು ಕಣ್ಣು ಮುಚ್ಚಿ ಹದಿನೇಳನೇ ಪಾಠದ ಮೊದಲ ಸಾಲು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮೇಡಂ ಹುಬ್ಬು ಮೇಲೆ ಹೋಯಿತು. ಮತ್ತೊಂದು ಕೇಳಿದರು. ಮೇಷ್ಟ್ರು ಮೂವತ್ತೊಂದನೇ ಪಾಠದಿಂದ ಎರಡು ಸಾಲು, ಗಟ್ಟಿಯಾಗಿ, ಕೈಯೆತ್ತಿ ಹೇಳಿದರು. ಶಿಳ್ಳೆ ಬಿತ್ತು. ಮೇಡಂ ಮೇಷ್ಟ್ರನ್ನೇ ದಿಟ್ಟಿಸಿದರು. ಎಲ್ಲ ಮುಗಿಯಿತು ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಸಂಕಟ ಬಂದಾಗ ಬಾಲ್ಯದಿಂದ ಬಾಯಿಗೆ ಬರುತ್ತಿದ್ದ ಭಾಷೆಯಲ್ಲೇ ಅವರು, ಅಯ್ಯೋ ಈಗೇನು ಮಾಡಲಿ ಎಂದು ತಮಗೆ ತಾವೇ ಅಂದುಕೊಂಡರು.

"ಹಂತ! ಇದಾನೀಂ ಕಿಂ ಕರೋಮಿ?"

ಸ್ಪೇನ್ ಮೇಡಂ ಥಟ್ಟನೆ ಮುಂದಕ್ಕೆ ಬಾಗಿದರು. "ಚಿಂತಾ ಮಾಸ್ತು, ಮಹೋದಯ" ಎಂದರು.

ಮೇಷ್ಟ್ರಿಗೆ ಕಿವಿಯನ್ನೇ ನಂಬಲಾಗಲಿಲ್ಲ. "ಭವತೀ ಸಂಸ್ಕೃತಂ ಜಾನಾತಿ ವಾ?"

"ಕಿಂಚಿತ್ ಜಾನಾಮಿ."

ಆಕೆ ಹೊಳಲೂರಿಗೆ ಬಂದದ್ದು ಯೋಗಕ್ಕಲ್ಲ. ಅಲ್ಲಿಯ ಒಬ್ಬ ವಿದ್ವಾಂಸರ ಬಳಿ ನಾಲ್ಕು ತಿಂಗಳಿಂದ ಸಂಸ್ಕೃತ ಕಲಿಯುತ್ತಿದ್ದರು. ಯಾತಕ್ಕೆ ಬಂದಿದ್ದೀರಿ ಎಂದು ಪರಮೇಶ್ವರಪ್ಪನವರು ಕೇಳಿರಲೇ ಇಲ್ಲ.

ಮುಂದೆ ನಡೆದದ್ದನ್ನು ಜನ್ನಾಪುರದ ಜನ ಇಂದಿಗೂ ಸ್ಪ್ಯಾನಿಷ್ ಸಂಭಾಷಣೆ ಎಂದೇ ತಿಳಿದಿದ್ದಾರೆ. ಆರುನೂರು ಜನರೆದುರು, ಮೈಕಿನಲ್ಲಿ, ಶಂಕರನಾರಾಯಣ ಮೇಷ್ಟ್ರು ತಮ್ಮ ಅಪರಾಧವನ್ನೆಲ್ಲ ಸಂಸ್ಕೃತದಲ್ಲಿ ಒಪ್ಪಿಕೊಂಡರು. ತಮಗೆ ಸ್ಪ್ಯಾನಿಷಿನ ಏಕಮಪಿ ಪದಂ ಬಾರದೆಂದೂ, ತಾವು ನಿಜಕ್ಕೂ ಸಂಸ್ಕೃತ ಮೇಷ್ಟ್ರೆಂದೂ, ಕೆಲಸ ಹೋಗುವ ಭಯಕ್ಕೆ ಸುಳ್ಳು ಹೇಳಿದ್ದೆಂದೂ, ಮನೆಯಲ್ಲಿ ಹೆಂಡತಿ ಕಣ್ಣೀರು ಹಾಕಿದಳೆಂದೂ ಹೇಳಿದರು. ಒಂದೊಂದು ವಾಕ್ಯ ಮುಗಿದಾಗಲೂ ಎದೆ ಹಗುರಾಗುತ್ತಿತ್ತು. ಒಂದೊಂದು ವಾಕ್ಯಕ್ಕೂ ಜನ ಚಪ್ಪಾಳೆ ತಟ್ಟುತ್ತಿದ್ದರು.

ಸ್ಪೇನ್ ಮೇಡಂ ನಿಧಾನವಾಗಿ, ವಿಭಕ್ತಿ ಹುಡುಕಿ ಹುಡುಕಿ ಉತ್ತರ ಕೊಟ್ಟರು. ಮಕ್ಕಳು ಹೇಳಿದ ಪ್ರಾರ್ಥನೆಯ ಅರ್ಥ ‘ಉಷ್ಣಜಲಂ ನಾಸ್ತಿ’. ಯಾವುದೋ ಹೋಟೆಲಿನ ಕೋಣೆಯಲ್ಲಿ ಬಿಸಿನೀರು ಬರುತ್ತಿಲ್ಲವೆಂಬ ದೂರು. ನಿಮ್ಮ ಹೆಸರೇನು ಎಂದು ತಾವು ಕೇಳಿದ್ದಕ್ಕೆ, ಈ ಸೂಪು ತಣ್ಣಗಿದೆ ಎಂದು ಉತ್ತರ ಬಂತಂತೆ. ಎಷ್ಟು ವರ್ಷದಿಂದ ಕಲಿಸುತ್ತಿದ್ದೀರಿ ಎಂದದ್ದಕ್ಕೆ, ಪೊಲೀಸರನ್ನು ಕರೆಯಿರಿ, ನನ್ನ ಪೆಟ್ಟಿಗೆ ಕಳುವಾಗಿದೆ ಎಂದು ಬಂತಂತೆ. ಹೇಳಿ ಮುಗಿಸುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇವರು ನಗುವುದನ್ನು ನೋಡಿ ಪೆಂಡಾಲೂ ನಕ್ಕಿತು.

"ಅಲ್ಲ ಕಣೋ, ಈ ಸ್ಪ್ಯಾನಿಷ್ ಕೇಳ್ತಿದ್ರೆ ನಮ್ಮ ಮಠದ ಗುರುಗಳು ಮಾತಾಡಿದ ಹಾಗೇ ಇದೆಯಲ್ಲ" ಎಂದರು ಬಸವರಾಜೇಶ್ವರಿಯವರು ಮಗನಿಗೆ.

"ದೊಡ್ಡ ಭಾಷೆಗಳೆಲ್ಲ ಹಂಗೇ ಇರೋದು ಅಮ್ಮ. ನೀನು ಸುಮ್ನೆ ಕೇಳು."

ಕೊನೆಗೆ ಮೇಡಂ ಎದ್ದು ಸಭೆಗೆ ನಾಲ್ಕು ಮಾತು ಹೇಳಿದರು, ಅದೂ ಸಂಸ್ಕೃತದಲ್ಲೇ. ಮೇಷ್ಟ್ರು ಎಂಟು ತಿಂಗಳಲ್ಲಿ ಮೊದಲ ಸಲ ಅರ್ಥ ಗೊತ್ತಿದ್ದೇ ಬಾಯಿ ತೆರೆದು ಕನ್ನಡಕ್ಕೆ ಹೇಳಿದರು. "ಬೇರೆ ಭಾಷೆ ಕಲಿಯೋದರಿಂದ ಏನು ಲಾಭ ಅಂತ ನನ್ನನ್ನ ಊರಲ್ಲಿ ಕೇಳ್ತಿದ್ರು. ನಾನು ನಮ್ಮೂರಲ್ಲಿ ದೊಡ್ಡ ಕಾಲೇಜಿನ ಟೀಚರ್. ಇಲ್ಲಿ ಬಂದು ಒಂದು ಲೋಟ ನೀರು ಕೇಳೋದಕ್ಕೆ ಮಗು ಹಾಗೆ ತಡವರಿಸಿದೆ. ನನ್ನ ಜಂಬ ಎಲ್ಲ ಹೋಯ್ತು, ಜನ ಹತ್ರ ಆದ್ರು. ಆದ್ರೂ ಎಲ್ಲರೂ ನನ್ನ ಹತ್ರ ಇಂಗ್ಲಿಷೇ ಆಡ್ತಾರೆ. ಇವತ್ತು ಮೊದಲ ಸಲ ಒಬ್ಬರು ನಾನು ಕಲೀತಿರೋ ಭಾಷೇಲಿ ತಮ್ಮ ಕಷ್ಟ ಹೇಳ್ಕೊಂಡ್ರು. ಅದು ನನಗೆ ಅರ್ಥ ಆಯ್ತು." ಕೊನೆಯ ಮಾತು ಹೇಳುವಾಗ ಮೇಷ್ಟ್ರು ಕಣ್ಣೊರೆಸಿಕೊಂಡರು. ಅನುವಾದಕರು ಇಷ್ಟು ಭಾವುಕರಾದದ್ದನ್ನು ಜನ ಮೆಚ್ಚಿಕೊಂಡರು.

ಆದರೆ ಗಂಡಾಂತರ ಇನ್ನೂ ಮುಗಿದಿರಲಿಲ್ಲ. ಸಭೆ ಮುಗಿದು ಹೆಡ್‌ಮೇಡಂ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುವಾಗ ಕಾರ್ಯದರ್ಶಿಗಳು ತಮ್ಮ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿಯೇಬಿಟ್ಟರು, ನಮ್ಮ ಮೇಷ್ಟ್ರ ಸ್ಪ್ಯಾನಿಷ್ ಹೇಗಿದೆ ಎಂದು. ಮೇಷ್ಟ್ರ ಚಮಚ ತಟ್ಟೆಗೆ ಬಿತ್ತು. ವೇದಾ ಮೇಡಂ ಕಿಟಕಿಯಾಚೆ ನೋಡತೊಡಗಿದರು.

ಸ್ಪೇನ್ ಮೇಡಂ ಸ್ವಲ್ಪ ಯೋಚಿಸಿದರು. ಅವರಿಗೂ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. "ಇಷ್ಟು ಶುದ್ಧವಾದ ಉಚ್ಚಾರಣೆ ಭಾರತದಲ್ಲಿ ನಾನೆಲ್ಲೂ ಕೇಳಿಲ್ಲ. ಅದು ಸಂಸ್ಕೃತದಿಂದ ಬಂದದ್ದು. ನಾನು ಅದನ್ನು ಕಲಿಯುವುದಕ್ಕೇ ಸ್ಪೇನಿನಿಂದ ಇಲ್ಲಿಗೆ ಬಂದಿದ್ದೇನೆ" ಎಂದು ಇಂಗ್ಲಿಷಿನಲ್ಲೇ ಹೇಳಿದರು.

ಪರಮೇಶ್ವರಪ್ಪನವರ ತಲೆಯೊಳಗೆ ಏನೋ ಕೂಡಿ ಕಳೆಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಅಯ್ಯಯ್ಯೋ! ಕೆಳಗೆ ಸಿಮೆಂಟ್ ಬೆಡ್ ಹಾಕ್ದೇ ಟೈಲ್ಸ್ ಕೂರಿಸಿದ್ವಲ್ಲ ಮೇಡಂ!" ಎಂದು ಹಣೆ ಚಚ್ಚಿಕೊಂಡರು. "ಸ್ಪೇನಿನವರೇ ಸಂಸ್ಕೃತ ಕಲೀಬೇಕಾದ್ರೆ ನಮ್ಮ ಮಕ್ಕಳು ಬಿಟ್ರೆ ಹೆಂಗೆ? ಜೂನಿಂದ ಮೂರು ವರ್ಷ ಸಂಸ್ಕೃತ. ಬೋರ್ಡಲ್ಲಿ ‘ಸ್ಪ್ಯಾನಿಷ್ ಫೌಂಡೇಷನ್ ಕೋರ್ಸ್’ ಅಂತ ಹಾಕ್ಸೋಣ. ನಾಲ್ಕನೇ ವರ್ಷ ಡೈರೆಕ್ಟ್ ಸ್ಪ್ಯಾನಿಷ್. ಊರಲ್ಲಿ ಯಾರ ಹತ್ರಾನೂ ಇಲ್ಲ ಈ ಡಿಸೈನು! ಆದ್ರೆ ಆ ಹಳೇ ಸಂಸ್ಕೃತ ಮೇಷ್ಟ್ರನ್ನ ಕಳಿಸಿಬಿಟ್ವಲ್ಲ. ಈಗ ಎಲ್ಲಿ ಹುಡುಕೋದು?"

ವೇದಾ ಮೇಡಂ ಕೆಮ್ಮಿದರು. "ಸಾರ್, ಶಂಕರನಾರಾಯಣ ಮೇಷ್ಟ್ರನ್ನೇ ಒಂದು ಮಾತು ಕೇಳಿ."

"ಅವರನ್ನಾ? ಇಂಥ ದೊಡ್ಡ ಸ್ಪ್ಯಾನಿಷ್ ವಿದ್ವಾಂಸರಿಗೆ ಸಂಸ್ಕೃತ ಮಾಡಿ ಅನ್ನೋಕ್ಕೆ ಬಾಯಿ ಬರಲ್ಲ ಮೇಡಂ." ಆದರೂ ಅವರು ಬಹಳ ಸಂಕೋಚದಿಂದ ಮೇಷ್ಟ್ರ ಕೈ ಹಿಡಿದುಕೊಂಡರು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಮೂರು ವರ್ಷ ಹೆಂಗಾದ್ರೂ ಸುಧಾರಿಸಿ. ನಿಮಗೆ ಸಂಸ್ಕೃತ ಅಲ್ಪಸ್ವಲ್ಪ ಬರುತ್ತಲ್ವಾ?"

ಮೇಷ್ಟ್ರಿಗೆ ನಿವೃತ್ತಿಗೆ ಉಳಿದಿದ್ದದ್ದು ಎರಡು ವರ್ಷ ನಾಲ್ಕು ತಿಂಗಳು. ಸ್ಪ್ಯಾನಿಷ್ ಜನ್ನಾಪುರಕ್ಕೆ ಮತ್ತೆ ಬರುವ ಹೊತ್ತಿಗೆ ಅವರು ಹೊಸಮನೆಯ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿರುತ್ತಾರೆ. ಈ ಲೆಕ್ಕ ಮನಸ್ಸಿನಲ್ಲಿ ಮುಗಿದ ಕ್ಷಣ, ಜೂನ್ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹೋಯಿತು. ಅಳು ಬರುವ ಹಾಗಾಯಿತು.

"ಬರುತ್ತೆ ಸಾರ್" ಎಂದರು.

ಶಿವಮೊಗ್ಗದ ಬಸ್ಸಿನಲ್ಲಿ ಗಂಡಹೆಂಡಿರಿಗೆ ಒಟ್ಟಿಗೆ ಸೀಟು ಸಿಗಲಿಲ್ಲ. ಸೀತಾ ಮುಂದೆ ಹೆಂಗಸರ ಸೀಟಿನಲ್ಲಿದ್ದರು, ಮೇಷ್ಟ್ರು ಹಿಂದೆ ನಿಂತಿದ್ದರು. ಸೀತಾಗೆ ತಡೆಯಲಾಗದೆ ಬಸ್ಸಿನೊಳಗಿಂದಲೇ ಫೋನ್ ಮಾಡಿದರು.

"ಏನಾಯ್ತು ರೀ? ಕೆಲಸ ಹೋಯ್ತಾ?"

"ಇಲ್ಲ ಮಾರಾಯ್ತಿ, ಉಳೀತು. ಜೂನಿಂದ ಸ್ಪ್ಯಾನಿಷ್ ಫೌಂಡೇಷನ್ ಕೋರ್ಸ್ ಮಾಡ್ಬೇಕಂತೆ."

"ಅಯ್ಯೋ ದೇವರೇ, ಅದೇನು ಮತ್ತೆ ಹೊಸ ಗ್ರಹಚಾರ? ಅದನ್ನ ಯಾವ ಆಪಲ್ಲಿ ಕಲಿಯೋದು?"

ಮೇಷ್ಟ್ರು ಕಂಬಿ ಹಿಡಿದುಕೊಂಡು, ತುಂಬಿದ ಬಸ್ಸಿನಲ್ಲಿ, ಒಂದಿಷ್ಟೂ ನಾಚಿಕೊಳ್ಳದೆ ಸಂಸ್ಕೃತದ ಮೊದಲ ಪಾಠವನ್ನು ಗಟ್ಟಿಯಾಗಿ ಹೇಳಿದರು:

"ರಾಮಃ, ರಾಮೌ, ರಾಮಾಃ."

ಮುಂದಿನ ಸೀಟಿನಿಂದ ಸೀತಾ ನಗುವುದು ಫೋನಿಲ್ಲದೆಯೇ ಕೇಳಿಸಿತು.